ಬೋರ್ಡ್ ಹೋಯಿತು, ಗೋಡೆಯ ತೂತು ಉಳಿಯಿತು

ಕಳೆದ ಸಂಚಿಕೆಯಲ್ಲಿ ಕಾಂಪೌಂಡ್ ಗೋಡೆಯ ಬಿರುಕಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಓದುತ್ತಾ ಹೋದರೆ ಒಂದೇ ವಿಷಯ ಮತ್ತೆ ಮತ್ತೆ ಸಿಕ್ಕಿತು: ‘ಮನೆ ಮಾರಾಟಕ್ಕಿದೆ’ ಬೋರ್ಡ್. ಬ್ರೋಕರ್ ಬಂದು ಮೊಳೆ ಹೊಡೆದು ಹೋದರು, ಈಗ ಗೋಡೆ ಹಾಳಾಗಿದೆ, ಯಾರನ್ನು ಕೇಳುವುದು ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು ಸಿವಿಲ್ ಎಂಜಿನಿಯರ್, ವಕೀಲೆ ಅಲ್ಲ. ಕಾನೂನಿನ ಮಾತು ನನಗೆ ತಿಳಿದಷ್ಟು ಹೇಳಿದ್ದೇನೆ. ಕೇಸ್ ಹಾಕುವ ಮಟ್ಟಕ್ಕೆ ಹೋದರೆ ವಕೀಲರನ್ನು ಕಂಡು ಮುಂದುವರಿಯಿರಿ.

ಪ್ರಶ್ನೆ: ಮೇಡಂ, ನಮ್ಮ ಮನೆ ಮಾರಲು ಒಬ್ಬ ಬ್ರೋಕರ್‌ಗೆ ಹೇಳಿದ್ದೆವು. ಅವರು ಕಾಂಪೌಂಡ್ ಮೇಲೆ ಕಬ್ಬಿಣದ ಫ್ರೇಮಿನ ಆರಡಿ–ನಾಲ್ಕಡಿ ಫ್ಲೆಕ್ಸ್ ಬೋರ್ಡ್ ನಿಲ್ಲಿಸಿ, ಎಂಟು ಕಡೆ ಡ್ರಿಲ್ ಮಾಡಿ ಬೋಲ್ಟ್ ಹಾಕಿದರು. ನಾಲ್ಕು ತಿಂಗಳಾದರೂ ಗಿರಾಕಿ ಬರಲಿಲ್ಲ. ಬೇಡ ಅಂದೆವು. ಹುಡುಗರು ಬಂದು ಬೋರ್ಡನ್ನು ಎಳೆದು ಕಿತ್ತುಕೊಂಡು ಹೋದರು. ಎರಡು ಕಡೆ ಗಾರೆ ಚಕ್ಕೆ ಎದ್ದು ಬ್ಲಾಕ್ ಕಾಣುತ್ತಿದೆ, ಉಳಿದ ಕಡೆ ತುಕ್ಕಿನ ಕಲೆ ಇಳಿದಿದೆ. ಕೇಳಿದರೆ ‘ಒಂದು ಬೊಗಸೆ ಸಿಮೆಂಟ್ ಮೆತ್ತಿಸಿ ಸರ್, ಸರಿಹೋಗುತ್ತೆ’ ಅನ್ನುತ್ತಾರೆ. ಅಷ್ಟು ಸಾಕಾ? ಖರ್ಚು ಯಾರದ್ದು?
— ರಾಜಾಜಿನಗರ, ಬೆಂಗಳೂರು

ಉತ್ತರ: ಸಾಲದು ಸರ್. ಖರ್ಚೂ ನಿಮ್ಮದಲ್ಲ.

ಮೊದಲು ಗೋಡೆಗೆ ಏನಾಗಿದೆ ಅಂತ ನೋಡೋಣ. ಕಾಂಪೌಂಡಿನ ಮೇಲೆ ಎದ್ದು ನಿಂತ ಫ್ಲೆಕ್ಸ್ ಅಂದರೆ ದೋಣಿಯ ಹಾಯಿ ಇದ್ದ ಹಾಗೆ. ಗಾಳಿಯನ್ನೆಲ್ಲ ಅದು ಹಿಡಿಯುತ್ತದೆ, ಭಾರವನ್ನು ಗೋಡೆ ಹೊರುತ್ತದೆ. ನಿಮ್ಮ ಬೋರ್ಡ್ 24 ಚದರಡಿ. ಗಂಟೆಗೆ 54 ಕಿ.ಮೀ. ಗಾಳಿ ಬೀಸಿದರೆ, ಅಂದರೆ ನಮ್ಮ ಏಪ್ರಿಲ್–ಮೇ ತಿಂಗಳ ಸಾಧಾರಣ ಮಳೆಗಾಳಿಯಲ್ಲಿ, ಆ ಬೋರ್ಡಿನ ಮೇಲೆ ಸುಮಾರು 30 ಕೆ.ಜಿ. ತಳ್ಳು ಬೀಳುತ್ತದೆ. ಕಟ್ಟಡಗಳ ಲೆಕ್ಕ ಹಾಕುವಾಗ ನಾವು ಐಎಸ್ 875 ಅನ್ನುವ ಕೋಡ್ ನೋಡುತ್ತೇವೆ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಗಾಳಿವೇಗ ಕೊಟ್ಟಿದ್ದಾರೆ. ಆ 33ರ ಲೆಕ್ಕ ಹಿಡಿದರೆ ಅದೇ ಬೋರ್ಡಿನ ಮೇಲೆ 150 ಕೆ.ಜಿ. ಹತ್ತಿರ ಬರುತ್ತದೆ. ನಾಲ್ಕಿಂಚು, ಆರಿಂಚಿನ ಬ್ಲಾಕ್ ಕಾಂಪೌಂಡನ್ನು ಇಂಥ ಭಾರಕ್ಕೆ ಅಂತ ಯಾರೂ ಕಟ್ಟಿರುವುದಿಲ್ಲ. ಪ್ರತಿ ಸಲ ಗಾಳಿ ಬೀಸಿದಾಗ ಬೋಲ್ಟ್ ಒಂದು ಕೂದಲೆಳೆಯಷ್ಟು ಅಲ್ಲಾಡುತ್ತದೆ. ನಾಲ್ಕು ತಿಂಗಳು ಹೀಗೆ ಅಲ್ಲಾಡಿದರೆ ತೂತು ಅಗಲವಾಗಿ, ಸುತ್ತಲಿನ ಗಾರೆ ಬ್ಲಾಕನ್ನು ಬಿಟ್ಟಿರುತ್ತದೆ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ, ಬಿಟ್ಟ ಕಡೆ ಟೊಳ್ಳು ಶಬ್ದ ಬರುತ್ತದೆ.

ಎರಡನೆಯದು ತುಕ್ಕು. ಕಬ್ಬಿಣ ತುಕ್ಕಾದರೆ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಗಾರೆಯೊಳಗೆ ಆ ಜಾಗ ಎಲ್ಲಿದೆ? ಒಳಗಿನಿಂದಲೇ ಒತ್ತಿ ಗಾರೆಯನ್ನು ಸೀಳುತ್ತದೆ. ಹಾಗಾಗಿ ತಲೆ ಮುರಿದ ಬೋಲ್ಟನ್ನು ಒಳಗೇ ಬಿಟ್ಟು ಮೇಲೆ ಸಿಮೆಂಟ್ ಮೆತ್ತಿದರೆ ಈ ವರ್ಷ ಚೆನ್ನಾಗಿ ಕಾಣುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗ ಉಬ್ಬಿ ಉದುರುತ್ತದೆ.

ಸರಿ ಮಾಡುವುದು ಹೀಗೆ. ಬೋಲ್ಟು, ಪ್ಲಾಸ್ಟಿಕ್ ಪ್ಲಗ್ಗು ಎಲ್ಲ ಪೂರ್ತಿ ತೆಗೆಸಿ. ಸುತ್ತಿಗೆಯಿಂದ ಮೀಟಿ ಎಳೆಯುವಾಗ ಕೆಳಗೊಂದು ಮರದ ತುಂಡು ಇಡಬೇಕು, ಇಲ್ಲದಿದ್ದರೆ ಇನ್ನೊಂದು ಚಕ್ಕೆ ಏಳುತ್ತದೆ. ಟೊಳ್ಳು ಶಬ್ದ ಬರುವಷ್ಟೂ ಗಾರೆ ಕೆತ್ತಿಸಿ, ಮೇಸ್ತ್ರಿ ‘ಇದು ಗಟ್ಟಿ ಇದೆ ಬಿಡಿ’ ಅಂದರೂ ನೀವೇ ತಟ್ಟಿ ನೋಡಿ. ಧೂಳು ಬ್ರಷ್ಷಿನಿಂದ ತೆಗೆದು, ಗೋಡೆಗೆ ನೀರು ಕುಡಿಸಿ, ಒಂದಕ್ಕೆ ನಾಲ್ಕರ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಗಾರೆ ತುಂಬಿಸಿ. ಏಳು ದಿನ ನೀರು ಹಾಕಿ. ಒಣಗಿದ ಮೇಲೆ ಹೊರಗೋಡೆಯ ಪ್ರೈಮರ್, ಆಮೇಲೆ ಬಣ್ಣ. ಸಣ್ಣ ತೂತುಗಳಿಗೆ ಹೊರಗೋಡೆಗೆಂದೇ ಸಿಗುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಸಾಕು. ಮನೆಯೊಳಗೆ ಬಳಸುವ ಮಾಮೂಲಿ ಪುಟ್ಟಿಯನ್ನು ಹೊರಗೆ ತುಂಬಿಸಿ ಹಾಗೇ ಬಿಡಬೇಡಿ.

ಎಂಟು ತೂತಿನ ಜಾಗಕ್ಕೆ ಮಾತ್ರ ಬಣ್ಣ ಬಳಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ, ಬಿಸಿಲಿಗೆ ಹಳೆಯ ಬಣ್ಣ ಮಾಸಿರುತ್ತದಲ್ವಾ. ಆದ್ದರಿಂದ ಆ ಬದಿಯ ಇಡೀ ಗೋಡೆಯ ಬಣ್ಣದ ಖರ್ಚನ್ನೂ ಸೇರಿಸಿ ಕೇಳಿ. ಅದು ಅತಿಯಾಸೆ ಅಲ್ಲ.

ಇನ್ನು ದುಡ್ಡಿನ ಮಾತು. ಬೋರ್ಡ್ ಹಾಕಲು ನೀವು ಒಪ್ಪಿರಬಹುದು. ಗೋಡೆ ಕೀಳಲು ಒಪ್ಪಿರಲಿಲ್ಲ. ಈಗಲೇ ಎಲ್ಲ ತೂತಿನ ಫೋಟೋ ತೆಗೆಯಿರಿ, ಪಕ್ಕದಲ್ಲಿ ಟೇಪ್ ಹಿಡಿದು ಅಳತೆ ಕಾಣುವ ಹಾಗೆ. ಬೋರ್ಡ್ ಇದ್ದಾಗಿನ ಹಳೆಯ ಫೋಟೋ ಮನೆಯವರ ಮೊಬೈಲಿನಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ, ಹುಡುಕಿ. ಒಬ್ಬ ಮೇಸ್ತ್ರಿಯಿಂದ ಬರಹದಲ್ಲಿ ಎಸ್ಟಿಮೇಟ್ ತೆಗೆದುಕೊಂಡು, 15 ದಿನ ಗಡುವು ಕೊಟ್ಟು ಬ್ರೋಕರ್‌ಗೆ ಪತ್ರ ಅಥವಾ ಮೆಸೇಜ್ ಕಳಿಸಿ. ಫೋನಿನಲ್ಲಿ ಮಾತ್ರ ಜಗಳ ಆಡಬೇಡಿ, ಅದು ಎಲ್ಲೂ ಉಳಿಯುವುದಿಲ್ಲ. ನೀವು ಅವರಿಗೆ ಕಮಿಷನ್ನೋ ಅಡ್ವಾನ್ಸೋ ಕೊಟ್ಟಿದ್ದರೆ ಅಥವಾ ಕೊಡುತ್ತೇವೆ ಅಂತ ಒಪ್ಪಂದ ಆಗಿದ್ದರೆ ಅದು ಸೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇದನ್ನು ನಾನು ಸುಮ್ನೆ ಪುಸ್ತಕ ನೋಡಿ ಹೇಳುತ್ತಿಲ್ಲ. ತುಮಕೂರಿನ ನಮ್ಮಮ್ಮನ ಮನೆ ಮಾರಲು ಹೊರಟಾಗ ಒಬ್ಬ ಬ್ರೋಕರ್ ಬೋರ್ಡನ್ನು ನೇರವಾಗಿ ಸಜ್ಜಾದ ಮೇಲೆ ಡ್ರಿಲ್ ಮಾಡಿ ನಿಲ್ಲಿಸಿದ್ದರು. ನಾನು ಊರಲ್ಲಿರಲಿಲ್ಲ. ಅಮ್ಮ ‘ಕೆಲಸದವರು ಬಂದಿದ್ದಾರೆ’ ಅಂತ ಕಾಫಿ ಮಾಡಿಕೊಟ್ಟಿದ್ದಾರೆ. ಸಜ್ಜಾ ಗೋಡೆಯಿಂದ ಹೊರಗೆ ಚಾಚಿಕೊಂಡಿರುವ ತೆಳು ಕಾಂಕ್ರೀಟು, ತುದಿಯಲ್ಲಿ ಮೂರಿಂಚು ಇರಬಹುದು ಅಷ್ಟೇ. ಅದನ್ನು ಹಿಡಿದಿಡುವ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ. ಮೇಲಿಂದ ಡ್ರಿಲ್ ಇಳಿಸಿದರೆ ಕಂಬಿಗೇ ತಾಗುತ್ತದೆ, ಆ ತೂತಿನಲ್ಲಿ ಇಡೀ ಮಳೆಗಾಲ ನೀರು ನಿಲ್ಲುತ್ತದೆ. ಮರುವರ್ಷ ಕಿಟಕಿಯ ಮೇಲೆ ಕಂದು ಗೆರೆ ಇಳಿದಾಗಲೇ ನಮಗೆ ಗೊತ್ತಾದದ್ದು. ಕಾಂಕ್ರೀಟ್ ಕೆತ್ತಿ, ಕಂಬಿ ಉಜ್ಜಿ, ಮತ್ತೆ ತುಂಬಿಸಲು 6,500 ರೂಪಾಯಿ ಆಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು, ಆ ಬ್ರೋಕರ್ ಅಮ್ಮನಿಗೆ ‘ಹಳೇ ಮನೆ ಅಲ್ವಾ, ಅದಾಗೇ ಸೋರಿದೆ’ ಅಂದದ್ದು. ಅಪ್ಪ ಕಟ್ಟಿಸಿದ ಮನೆ ಅದು, 30 ವರ್ಷ ಒಂದು ಹನಿ ಸೋರಿರಲಿಲ್ಲ. ಆದ್ದರಿಂದ ಎಲ್ಲರಿಗೂ ಹೇಳುತ್ತೇನೆ: ಸಜ್ಜಾ, ಬಾಲ್ಕನಿ, ಪಿಲ್ಲರ್, ಪ್ಯಾರಪೆಟ್, ಇವುಗಳಿಗೆ ಬೋರ್ಡಿನವರು ಡ್ರಿಲ್ ಇಡಲೇಬಾರದು. ಎಷ್ಟೇ ಪರಿಚಯದವರಾಗಿರಲಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಖಾಲಿ ಸೈಟಿದೆ, ನಾವಿರುವುದು ಪುಣೆಯಲ್ಲಿ. ಮಾರುವ ಯೋಚನೆಯೇ ಇಲ್ಲ. ಆದರೂ ಯಾರೋ ಎರಡು ಕಂಬ ನೆಟ್ಟು ‘ಸೈಟ್ ಮಾರಾಟಕ್ಕಿದೆ’ ಅಂತ ಬೋರ್ಡ್ ಹಾಕಿದ್ದಾರೆ. ಕಾಂಪೌಂಡ್ ಮೇಲೆ ಕಪ್ಪು ಬಣ್ಣದಲ್ಲಿ ಫೋನ್ ನಂಬರ್ ಬೇರೆ ಬರೆದಿದ್ದಾರೆ. ಕಂಬದ ಗುಂಡಿ ತೆಗೆಯುವಾಗ ನೀರಿನ ಪೈಪ್ ಒಡೆದಿದೆ ಅಂತ ಪಕ್ಕದ ಮನೆಯವರು ಹೇಳಿದರು. ಏನು ಮಾಡಲಿ?
— ಪುಣೆಯಿಂದ ಓದುಗರು

ಉತ್ತರ: ಪೈಪು, ಬಣ್ಣ ಎರಡೂ ಆಮೇಲೆ. ಇವತ್ತೇ ಮಾಡಬೇಕಾದದ್ದು ಬೇರೆ ಇದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ನಿಮ್ಮ ಸೈಟಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ನೋಡಿ, ನಿಮಗೆ ಗೊತ್ತಿಲ್ಲದ ಯಾವ ಎಂಟ್ರಿಯೂ ಇರಬಾರದು. ಖಾತೆಯೂ ನಿಮ್ಮ ಹೆಸರಲ್ಲೇ ಇದೆಯಾ ನೋಡಿಕೊಳ್ಳಿ. ಮಾಲೀಕರು ದೂರದಲ್ಲಿದ್ದಾರೆ ಅಂತ ಗೊತ್ತಾದ ಸೈಟಿಗೆ ಹೇಳದೆ ಕೇಳದೆ ಬೋರ್ಡ್ ಬಿದ್ದರೆ, ಬ್ರೋಕರ್ ತಪ್ಪು ಸೈಟಿಗೆ ಹಾಕಿರಬಹುದು, ಅಥವಾ ಯಾರೋ ‘ಇದು ನಂದೇ’ ಅಂತ ತೋರಿಸಿ ಅಡ್ವಾನ್ಸ್ ಎತ್ತುತ್ತಿರಬಹುದು. ಎರಡರಲ್ಲಿ ಯಾವುದು ಅಂತ ತಿಳಿಯುವವರೆಗೆ ನೆಮ್ಮದಿಯಾಗಿ ಕೂರಬೇಡಿ.

ಬೋರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ, ನೀವು ಕೊಳ್ಳುವವರು ಅಂತ ನಾಟಕ ಆಡುವುದು ಬೇಡ, ನೇರವಾಗಿ ಮಾಲೀಕರು ಅಂತಲೇ ಹೇಳಿ, ಯಾರು ಹಾಕಲು ಹೇಳಿದರು ಅಂತ ಕೇಳಿ. ನಂಬಿಕೆಯವರೊಬ್ಬರನ್ನು ಕಳಿಸಿ ಬೋರ್ಡು, ಗುಂಡಿ, ಒಡೆದ ಪೈಪು, ಗೋಡೆಯ ಬರಹ ಎಲ್ಲದರ ಫೋಟೋ, ವಿಡಿಯೋ ತೆಗೆಸಿ. ಅದಾದ ಮೇಲೆ ಠಾಣೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ‘ಇದು ಸಿವಿಲ್ ಮ್ಯಾಟರ್’ ಅಂತ ವಾಪಸ್ ಕಳಿಸಲು ನೋಡಬಹುದು. ಆಗ ಅನುಮತಿ ಇಲ್ಲದೆ ಒಳಗೆ ನುಗ್ಗಿ ಪೈಪ್ ಒಡೆದಿದ್ದಾರೆ ಅನ್ನುವುದನ್ನೇ ಮುಂದಿಡಿ.

ಇನ್ನೊಂದು ಕಾಯ್ದೆ ನಮ್ಮ ರಾಜ್ಯದಲ್ಲಿ 1981ರಿಂದ ಇದೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗಗಳನ್ನು ಅಂದಗೆಡಿಸುವುದನ್ನು ತಡೆಯುವ ಕಾಯ್ದೆ (Karnataka Open Places (Prevention of Disfigurement) Act, 1981). ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಅಂಟಿಸಿದರೆ, ಬರೆದರೆ, ನಿಲ್ಲಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಸ್ತೆಯಿಂದ ಕಾಣುವ ಖಾಸಗಿ ಗೋಡೆಯೂ ಇದರಲ್ಲಿ ಬರುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತೇ ಇಲ್ಲ. 1,000 ರೂಪಾಯಿ ಅಂದರೆ ಇವತ್ತಿಗೆ ಏನೂ ಅಲ್ಲ, ಆ ಮೊತ್ತ ಏರಿಸಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೂ ಪಾಲಿಕೆಗೆ ಕೊಡುವ ದೂರಿನಲ್ಲಿ ಈ ಕಾಯ್ದೆಯ ಹೆಸರು ಬರೆದರೆ ಕಾಗದಕ್ಕೆ ತೂಕ ಬರುತ್ತದೆ.

ಕಪ್ಪು ಎನಾಮೆಲ್ (ಎಣ್ಣೆ ಬಣ್ಣ) ಬರಹದ ಮೇಲೆ ನೇರವಾಗಿ ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ) ಬಳಿಸಬೇಡಿ. ಮೂರು ಕೋಟ್ ಹಾಕಿದರೂ ಆ ಹತ್ತು ಅಂಕಿ ನೆರಳಿನ ಹಾಗೆ ಕಾಣುತ್ತಲೇ ಇರುತ್ತದೆ, ಹೊಸ ಬಣ್ಣ ಆ ನುಣುಪಿನ ಮೇಲೆ ಕಚ್ಚುವುದೂ ಇಲ್ಲ. ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿಸಿ, ಕಲೆ ತಡೆಯುವ ಪ್ರೈಮರ್ ಹಾಕಿಸಿ, ಆಮೇಲೆ ಬಣ್ಣ. ಅದೇ ಗೋಡೆಯ ಮೇಲೆ ‘ಈ ಸೈಟ್ ಮಾರಾಟಕ್ಕಿಲ್ಲ’ ಅಂತ ದೊಡ್ಡದಾಗಿ ಬರೆಸಿ. ನಿಮ್ಮ ಪೂರ್ತಿ ಹೆಸರು, ವಿಳಾಸ ಬೇಡ.

ಪ್ರಶ್ನೆ: ಗೇಟಿಗೆ, ಗ್ರಾನೈಟ್ ಕಂಬಕ್ಕೆ ‘ಮನೆ ಬಾಡಿಗೆಗೆ, ಮಾರಾಟಕ್ಕೆ’ ಅಂತ ಸ್ಟಿಕ್ಕರ್ ಅಂಟಿಸಿ ಹೋಗ್ತಾರ್ರೀ. ಥಿನ್ನರ್ ಹಾಕಿ ತಿಕ್ಕಿದೆ, ಗೇಟಿನ ಬಣ್ಣಾನೇ ಹೋತು.
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಥಿನ್ನರ್ ಬೇಡ್ರೀ, ಅದು ಪೇಂಟನ್ನೂ ಕರಗಿಸುತ್ತದೆ. ಹೇರ್ ಡ್ರೈಯರಿನಿಂದ ಎರಡು ನಿಮಿಷ ಬಿಸಿ ಕೊಟ್ಟರೆ ಗೋಂದು ಮೆತ್ತಗಾಗುತ್ತದೆ, ಮೂಲೆಯಿಂದ ಮೆಲ್ಲಗೆ ಎಳೆಯಿರಿ. ಗೇಟಿನ ಮೇಲೆ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಸೋಪಿನ ನೀರಿನಿಂದ ಒರೆಸಿ. ಗ್ರಾನೈಟಿಗೆ ಮಾತ್ರ ಎಣ್ಣೆ ಹಚ್ಚಬೇಡಿ, ಕಲ್ಲು ಎಣ್ಣೆ ಕುಡಿದರೆ ಕಪ್ಪು ಕಲೆ ಉಳಿಯುತ್ತದೆ. ಅಲ್ಲಿ ಬಿಸಿನೀರು, ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆಯುವುದು ಅಷ್ಟೇ. ಮೈದಾ ಅಂಟಿನ ಪೋಸ್ಟರ್ ಆದರೆ ಒದ್ದೆ ಗೋಣಿಚೀಲ ಅರ್ಧ ಗಂಟೆ ಹೊದಿಸಿಟ್ಟರೆ ಸಾಕು.

ಪ್ರಶ್ನೆ: ನಾವು ಬಾಡಿಗೆಗೆ ಇರುವ ಮನೆಯನ್ನು ಮಾಲೀಕರು ಮಾರಲು ಇಟ್ಟಿದ್ದಾರೆ. ಗಾಳಿ ಮಳೆಗೆ ಬ್ರೋಕರ್ ಬೋರ್ಡ್ ಬಿದ್ದು ನನ್ನ ಸ್ಕೂಟರಿನ ಮುಂಭಾಗ ಒಡೆದಿದೆ. ಮಾಲೀಕರು ಬ್ರೋಕರ್ ಕಡೆ ತೋರಿಸುತ್ತಾರೆ, ಬ್ರೋಕರ್ ‘ಗಾಳಿಗೆ ನಾನೇನು ಮಾಡಲಿ’ ಅನ್ನುತ್ತಾರೆ. ಅಡ್ವಾನ್ಸಿನಲ್ಲಿ ಗೋಡೆಯ ತೂತಿಗೆ ದುಡ್ಡು ಹಿಡಿದುಕೊಳ್ಳುತ್ತಾರೋ ಅಂತಲೂ ಭಯ.
— ದಾವಣಗೆರೆ

ಉತ್ತರ: ಮೇ ತಿಂಗಳಲ್ಲಿ ಗಾಳಿ ಬರುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬೈಂಡಿಂಗ್ ವೈರಿನಲ್ಲಿ ಎರಡು ಸುತ್ತು ಸುತ್ತಿ ಹೋದರೆ ಅದು ಗಾಳಿಯ ತಪ್ಪಲ್ಲ. ಬಿದ್ದ ಬೋರ್ಡನ್ನು ಅವರು ಎತ್ತಿಕೊಂಡು ಹೋಗುವ ಮೊದಲೇ, ಅದನ್ನು ಕಟ್ಟಿದ್ದ ಜಾಗದ ಫೋಟೋ ತೆಗೆದಿಡಿ. ಇಬ್ಬರಿಗೂ ಒಂದೇ ಪತ್ರ ಕಳಿಸಿ, ಜೊತೆಗೆ ಶೋರೂಮಿನ ರಿಪೇರಿ ಎಸ್ಟಿಮೇಟ್. ನಿಮ್ಮ ಸ್ಕೂಟರಿಗೆ ಫುಲ್ ಇನ್ಶೂರೆನ್ಸ್ ಇದ್ದರೆ ಅದರಲ್ಲೂ ಕ್ಲೇಮ್ ಆಗುತ್ತದೆ, ಬರೀ ಥರ್ಡ್ ಪಾರ್ಟಿ ಆದರೆ ಇಲ್ಲ. ಆದರೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಹಾಗಾಗಿ ಸಣ್ಣ ಮೊತ್ತವಾದರೆ ಲೆಕ್ಕ ಹಾಕಿ ನೋಡಿ. ಅಡ್ವಾನ್ಸಿನ ಬಗ್ಗೆ: ಬೋರ್ಡ್ ಹಾಕಿಸಿದ್ದು ಮಾಲೀಕರು, ನೀವಲ್ಲ. ‘ಇಂಥ ದಿನ ನಿಮ್ಮ ಬ್ರೋಕರ್ ಇಷ್ಟು ತೂತು ಮಾಡಿದ್ದಾರೆ’ ಅಂತ ಫೋಟೋ ಸಮೇತ ಮಾಲೀಕರಿಗೆ ಈಗಲೇ ಮೆಸೇಜ್ ಹಾಕಿಬಿಡಿ. ಮನೆ ಖಾಲಿ ಮಾಡುವ ದಿನ ಆ ಮೆಸೇಜ್ ನಿಮ್ಮ ಕೈ ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಮನೆ ಮುಂದಿನ ಹೊಂಗೆ ಮರಕ್ಕೆ ಲೇಔಟ್‌ನವರು ಏಳೆಂಟು ಮೊಳೆ ಹೊಡೆದು ಬೋರ್ಡ್ ಹಾಕಿದ್ದಾರೆ. ಕೀಳಬಹುದಾ? ಮರಕ್ಕೆ ನೋವಾಗುತ್ತಾ?
— ಒಂಬತ್ತನೇ ತರಗತಿ, ಬೆಂಗಳೂರು

ಉತ್ತರ: ನಿನ್ನ ಪತ್ರ ಓದಿ ಬಹಳ ಖುಷಿಯಾಯಿತು ಮರಿ. ಮರದ ತೊಗಟೆಯ ಒಳಪದರದಲ್ಲೇ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು. ಮರ ದಪ್ಪ ಆಗುವ ಜೀವಂತ ಪದರವೂ ಅದರ ಹಿಂದೆಯೇ ಇದೆ. ಮೊಳೆ ಇಳಿದರೆ ಅಲ್ಲಿ ಗಾಯ ಆಗುತ್ತದೆ, ಆ ಗಾಯದಿಂದ ಶಿಲೀಂಧ್ರ, ಹುಳು ಒಳಗೆ ಹೋಗುತ್ತವೆ. ಒಂದು ಮೊಳೆಗೆ ಮರ ಸಾಯುವುದಿಲ್ಲ. ಆದರೆ ಒಂದೇ ಮರಕ್ಕೆ ವರ್ಷ ವರ್ಷ ಹತ್ತಾರು ಮೊಳೆ ಬೀಳುತ್ತದಲ್ಲ, ಅದು ಮರವನ್ನು ಬಡವಾಗಿಸುತ್ತದೆ. ಮೊಳೆಗಿಂತ ಕೆಟ್ಟದ್ದು ಸುತ್ತಲೂ ಬಿಗಿದ ತಂತಿ, ಮರ ದಪ್ಪ ಆದಂತೆ ಅದು ಕುತ್ತಿಗೆ ಹಿಸುಕಿದ ಹಾಗೆ ಒಳಗೆ ಇಳಿಯುತ್ತದೆ. ಹಾಗಾಗಿ ತಂತಿ ಇದ್ದರೆ ಮೊದಲು ಅದನ್ನು ಕತ್ತರಿಸಬೇಕು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಅಂದರೆ ಬರೀ ಉರುಳಿಸುವುದಲ್ಲ, ಯಾವುದೇ ರೀತಿ ಹಾನಿ ಮಾಡುವುದೂ ಅದರಲ್ಲಿ ಸೇರಿದೆ. ಅಪ್ಪ ಅಮ್ಮನಿಗೆ ಹೇಳಿ ಫೋಟೋ ಸಮೇತ ಪಾಲಿಕೆಯ ಅರಣ್ಯ ವಿಭಾಗಕ್ಕೆ ಬರೆಸು. ಬಿಬಿಎಂಪಿ ಹೋಗಿ ಈಗ ಐದು ನಗರ ಪಾಲಿಕೆ ಬಂದಿವೆ, ನಿಮ್ಮ ಬಡಾವಣೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ನಮ್ಮ ಹೈಕೋರ್ಟ್ 2018ರಲ್ಲಿ ಫ್ಲೆಕ್ಸ್‌ಗಳ ವಿರುದ್ಧ ಗಟ್ಟಿಯಾಗಿ ನಿಂತಾಗ ಕೆಲವೇ ದಿನದಲ್ಲಿ ಊರು ಹೇಗೆ ಬೋಳಾಯಿತು ಅಂತ ದೊಡ್ಡವರಿಗೆ ನೆನಪಿರುತ್ತದೆ, ಮನಸ್ಸು ಮಾಡಿದರೆ ಆಗುತ್ತದೆ. ಮೊಳೆ ಕೀಳುವ ಕೆಲಸ ದೊಡ್ಡವರು ಮಾಡಲಿ, ನೇರವಾಗಿ ಎಳೆಯಬೇಕು, ತಿರುಚಬಾರದು. ತೂತಿಗೆ ಸಿಮೆಂಟ್, ಬಣ್ಣ ಏನೂ ತುಂಬಬೇಡಿ. ಮರ ತಾನೇ ಮುಚ್ಚಿಕೊಳ್ಳುತ್ತದೆ.

ದೊಡ್ಡವರಿಗೆ ಇನ್ನೊಂದು ಮಾತು. ಅದು ಹೊಸ ಲೇಔಟಿನ ಜಾಹೀರಾತಾಗಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇದೆಯಾ ನೋಡಿ. ರೇರಾ ವ್ಯಾಪ್ತಿಗೆ ಬರುವ ಯೋಜನೆಯನ್ನು ನೋಂದಣಿಗೆ ಮೊದಲು ಜಾಹೀರಾತು ಮಾಡುವಂತೆಯೇ ಇಲ್ಲ. ಮಾಡಿದರೆ ಯೋಜನೆಯ ಅಂದಾಜು ವೆಚ್ಚದ 10%ವರೆಗೆ ದಂಡ ಹಾಕಬಹುದು. ಮರಕ್ಕೆ ಮೊಳೆ ಹೊಡೆದದ್ದಕ್ಕೆ ಹೆದರದವರು ಇದಕ್ಕೆ ಹೆದರುತ್ತಾರೆ.

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಕೊಂಡು ಎರಡು ತಿಂಗಳಾಯಿತು. ಏಜೆಂಟರ ‘ಸೋಲ್ಡ್’ ಬೋರ್ಡ್ ಇನ್ನೂ ಮುಂದಿನ ಇಟ್ಟಿಗೆ ಗೋಡೆಗೆ ಜಡಿದಿದೆ, ಒಂದು ಇಟ್ಟಿಗೆ ಸೀಳಿದೆ. ನಾನೇ ತೆಗೆದರೆ ತಪ್ಪಾ?
— ರೆಡಿಂಗ್‌ನ ಕನ್ನಡಿಗರು

ಉತ್ತರ: ಅಲ್ಲಿನ ನಿಯಮ ನಮ್ಮದಕ್ಕಿಂತ ಚೊಕ್ಕವಾಗಿದೆ. 2007ರ ಜಾಹೀರಾತು ನಿಯಂತ್ರಣ ನಿಯಮದ ಪ್ರಕಾರ ಮನೆಗೆ ಸ್ಥಳೀಯ ಆಡಳಿತದ ಅನುಮತಿ ಕೇಳದೆ ಹಾಕಬಹುದಾದದ್ದು ಒಂದೇ ಬೋರ್ಡ್, ಅರ್ಧ ಚದರ ಮೀಟರ್ ಮೀರುವಂತಿಲ್ಲ, ಎರಡು ಹಲಗೆ ಜೋಡಿಸಿದ್ದರೆ 0.6 ಚದರ ಮೀಟರ್. ಮಾರಾಟ ಮುಗಿದ 14 ದಿನದೊಳಗೆ ತೆಗೆಯಬೇಕು. ಅಂದರೆ ನಿಮ್ಮ ಏಜೆಂಟರು ಗಡುವು ದಾಟಿ ಬಹಳ ದಿನವಾಯಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನ ಕೆಲವು ಕಡೆಗಳಲ್ಲಂತೂ ಇಷ್ಟಕ್ಕೂ ಅವಕಾಶ ಇಲ್ಲ, ಮೊದಲೇ ಅನುಮತಿ ಬೇಕು. ನೀವೇ ಕಿತ್ತರೆ ಇಟ್ಟಿಗೆ ಒಡೆದದ್ದು ನೀವೇ ಅನ್ನಬಹುದು. ಫೋಟೋ ತೆಗೆದು ಏಜೆಂಟರಿಗೆ ಇಮೇಲ್ ಮಾಡಿ, ದಿನ ಗೊತ್ತು ಮಾಡಿ. ಬೋರ್ಡ್ ಹಾಕಿದ್ದು ಬೇರೆ ಗುತ್ತಿಗೆದಾರರು ಅನ್ನುತ್ತಾರೆ, ಹಾಕಿಸಿದ್ದು ತಾವೇ ಅಲ್ವಾ ಅಂತ ಕೇಳಿ. ಅಲ್ಲಿ ಪ್ರತಿ ಏಜೆಂಟರೂ ಕಾನೂನು ಪ್ರಕಾರ ಒಂದು ದೂರು ಪರಿಹಾರ ಯೋಜನೆಯ ಸದಸ್ಯರಾಗಿರಲೇಬೇಕು. ಎಂಟು ವಾರದಲ್ಲಿ ಇತ್ಯರ್ಥ ಆಗದಿದ್ದರೆ ಅಲ್ಲಿಗೆ ಬರೆಯಿರಿ.

ಪ್ರಶ್ನೆ: ನಾನೇ ಬ್ರೋಕರ್ ಮೇಡಂ. ಎಲ್ಲರೂ ನಮ್ಮನ್ನೇ ಬೈಯುತ್ತಾರೆ. ಬೋರ್ಡ್ ಹಾಕದಿದ್ದರೆ ಗಿರಾಕಿ ಬರಲ್ಲ, ಹಾಕಿದರೆ ಗೋಡೆ ಹಾಳು ಅಂತಾರೆ. ನೀವೇ ದಾರಿ ಹೇಳಿ.
— ಶಿವಮೊಗ್ಗ

ಉತ್ತರ: ನೀವು ಬರೆದದ್ದು ಒಳ್ಳೆಯದಾಯಿತು, ನಿಜವಾಗಿ ಈ ಅಂಕಣ ಓದಬೇಕಾದವರು ನೀವೇ. ಬೋರ್ಡ್ ಬೇಡ ಅಂತ ನಾನು ಹೇಳುವುದಿಲ್ಲ. ಆರಡಿ ಬೋರ್ಡ್ ಬೇಡ. ಮನೆ ಮುಂದೆ ನಿಂತವರಿಗೆ ಎರಡಡಿ–ಒಂದೂವರೆ ಅಡಿಯ, ಫೋಮ್ ಹಲಗೆಯ ಸನ್‌ಬೋರ್ಡಿನಲ್ಲಿ ನಂಬರ್ ಚೆನ್ನಾಗಿಯೇ ಕಾಣುತ್ತದೆ, ಅದು ಹಗುರ, ಗಾಳಿಯನ್ನೂ ಕಮ್ಮಿ ಹಿಡಿಯುತ್ತದೆ. ಅದನ್ನು ಗೇಟಿನ ಅಥವಾ ಕಿಟಕಿಯ ಗ್ರಿಲ್ಲಿಗೆ ಪ್ಲಾಸ್ಟಿಕ್ ಕೇಬಲ್ ಟೈನಿಂದ ನಾಲ್ಕು ಮೂಲೆಯಲ್ಲಿ ಕಟ್ಟಿ. ಗ್ರಿಲ್ಲಿಗೆ ತಾಗುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟರೆ ಬಣ್ಣ ಗೀಚುವುದಿಲ್ಲ. ಬಿಸಿಲಿಗೆ ಟೈ ಒಣಗಿ ಮುರಿಯುತ್ತದೆ, ಎರಡು ತಿಂಗಳಿಗೊಮ್ಮೆ ಹೋಗಿ ಬದಲಿಸಿ. ಖಾಲಿ ಸೈಟಿಗೆ ಕಂಬ ನೆಡಲೇಬೇಕಾದರೆ, ನೀರು, ಕರೆಂಟು, ಯುಜಿಡಿ (ಒಳಚರಂಡಿ) ಲೈನ್ ಎಲ್ಲಿ ಹೋಗಿದೆ ಅಂತ ಮಾಲೀಕರನ್ನು, ಪಕ್ಕದವರನ್ನು ಕೇಳದೆ ಹಾರೆ ಇಳಿಸಬೇಡಿ.

ಮತ್ತೆ, ಬೋರ್ಡ್ ಹಾಕುವ ದಿನ ಮಾಲೀಕರಿಗೆ ಈ ಮೆಸೇಜ್ ಕಳಿಸಿ, ಅವರು ‘ಸರಿ’ ಅಂದ ಮೇಲೆಯೇ ಹುಡುಗರನ್ನು ಕಳಿಸಿ: ‘ನಿಮ್ಮ ಗೇಟಿಗೆ ಎರಡಡಿ ಬೋರ್ಡ್ ಕಟ್ಟುತ್ತೇವೆ. ಮೊಳೆ, ಡ್ರಿಲ್ ಇಲ್ಲ. ನೀವು ಬೇಡ ಅಂದ ದಿನದಿಂದ ಅಥವಾ ವ್ಯಾಪಾರ ಮುಗಿದ ದಿನದಿಂದ ಒಂದು ವಾರದೊಳಗೆ ತೆಗೆಯುತ್ತೇವೆ. ನಮ್ಮಿಂದ ಏನಾದರೂ ಹಾಳಾದರೆ ನಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡುತ್ತೇವೆ.’